ನೋವು ಸುಮ್ಮನಾದ ರಾತ್ರಿ

ಬೆನ್ನುನೋವು ನನಗೆ ಹೊಸದಲ್ಲ.
ಮಂಡ್ಯದ ಬೆಲ್ಲದ ಮಂಡಿಯಲ್ಲಿ ಹದಿನೇಳು ವರ್ಷ
ಲಾರಿಯ ಹಲಗೆ ಹತ್ತಿ ಇಳಿದವನು.
ಗೋಣಿ ಜಾರಿದರೆ ಒಂದು ನೋವು,
ಮಳೆಗಾಲದ ಜಿಗುಟು ಬೆಲ್ಲಕ್ಕೆ ಒಂದು,
ಸೀನಿದರೆ ಇನ್ನೊಂದು.
ಎರಡು ದಿನ ಚಾಪೆ, ಹರಳೆಣ್ಣೆ, ಬಿಸಿಮರಳಿನ ಗಂಟು,
ಮೂರನೇ ದಿನ ತಾವೇ ಎದ್ದು ಹೋಗುತ್ತಿದ್ದವು.

ಈ ಸಲದ್ದು ಸೋಮವಾರ ಬಂತು.
ಸೊಂಟದಿಂದ ಎಡಗಾಲ ಹಿಮ್ಮಡಿವರೆಗೆ
ಕಾದ ಕಂಬಿ ಎಳೆದ ಹಾಗೆ.
ಮಂಗಳವಾರ ಬಲಗಾಲಿಗೂ.
ಗುತ್ತಲಿನ ತಿಮ್ಮಪ್ಪಾಜಿ ಬಂದು ಕಾಲು ಜಗ್ಗಿ
'ನರ ಹೊರಳೈತೆ, ಸರಿಹೋಯ್ತದೆ' ಅಂದ.
ಮೇಸ್ತ್ರಿ ಫೋನಿನಲ್ಲಿ
'ಮಾತ್ರೆ ನುಂಗಿ ಮಲಗು, ಬೆಳಿಗ್ಗೆ ನೋಡಾಣ' ಅಂದ.
ಬೆಳಿಗ್ಗೆ ಅನ್ನುವ ಮಾತಿಗೆ ಎಷ್ಟು ಅಗಲದ ಬೆನ್ನು!
ಎಲ್ಲರೂ ಎಲ್ಲವನ್ನೂ ಅದರ ಮೇಲೇ ಹೇರುತ್ತೇವೆ.

ಬುಧವಾರ ಸಂಜೆ ನೋವು ಇದ್ದಕ್ಕಿದ್ದಂತೆ ಇಳಿಯಿತು.
'ಕಮ್ಮಿ ಆಯ್ತು ಕಣೆ' ಅಂದೆ.
ಹೊಂಬಾಳಮ್ಮ ಗೂಡಿನ ಕಡೆ ಕೈಮುಗಿದು
ಹಿಟ್ಟು ತೊಳಸಲು ಹೋದಳು.

ಹೇಳದೆ ಉಳಿಸಿಕೊಂಡದ್ದು ಇಷ್ಟು:
ಮಧ್ಯಾಹ್ನದಿಂದ ಉಚ್ಚೆ ಹೋಗಿಲ್ಲ.
ಕಿಬ್ಬೊಟ್ಟೆಯಲ್ಲಿ ಕಲ್ಲಂಗಡಿ ಇಟ್ಟ ಹಾಗಿದೆ,
ಆದರೂ ಅವಸರವಿಲ್ಲ.
ಹಿತ್ತಲ ಬಚ್ಚಲಲ್ಲಿ ನಲ್ಲಿ ಬಿಟ್ಟು ನಿಂತೆ.
ನಲ್ಲಿ ಹೊಯ್ಯಿತು, ನಾನಿಲ್ಲ.
ಮತ್ತೆ ಆ ಜಾಗ, ಸೈಕಲ್ಲಿನ ಸೀಟು ತಾಗುವುದು,
ತೊಡೆಸಂದಿನಿಂದ ಹಿಂದಿನವರೆಗೆ,
ಅಲ್ಲಿ ಯಾರೋ ಅರಳೆ ತುರುಕಿದ್ದಾರೆ.
ಮುಟ್ಟಿದರೆ ಬೇರೆಯವರ ಚರ್ಮ.
ಇದನ್ನು ಹೆಂಡತಿಗೆ ಹೇಗೆ ಹೇಳೋದು,
ನಲವತ್ತಾರು ವರ್ಷದ ಗಂಡಸು?
ಉಷ್ಣ ಇರಬೇಕು. ಎಳನೀರು ಕುಡಿದರಾಯ್ತು.

ಚಪ್ಪಲಿ ಹೇಳಿತು.
ನಾನು ಒಳಗೆ ಬಂದಿದ್ದೆ,
ಎಡಗಾಲಿನದು ಹಿತ್ತಲಲ್ಲೇ ಉಳಿದಿತ್ತು,
ಕಳಚಿದ್ದು ನನಗೆ ಗೊತ್ತೇ ಇಲ್ಲ.
ಅವಳು ಅದನ್ನೆತ್ತಿ ತಂದು ಮುಂದಿಟ್ಟು
'ಹೆಬ್ಬೆಟ್ಟು ಮ್ಯಾಕೆತ್ತು' ಅಂದಳು.
ಎತ್ತಿದೆ ಅಂದುಕೊಂಡೆ.
ಅದು ಏಳಲಿಲ್ಲ.

ಆಮೇಲೆ ಒಂದೊಂದೇ ಕೇಳಿದಳು,
ಒಂದೊಂದೇ ಹೇಳಿದೆ, ಗೋಡೆ ನೋಡಿಕೊಂಡು.
ಅರಳೆಯ ಮಾತು ಬಂದಾಗ ಹಿಟ್ಟಿನ ಕೋಲು ಕೆಳಗಿಟ್ಟಳು.
'ಮಗಳು ಹುಟ್ಟುವಾಗ ಬೆನ್ನಿಗೆ ಸೂಜಿ ಚುಚ್ಚಿದ್ರಲ್ಲ,
ಆಗ ನಂಗೂ ಹಿಂಗೇ ಇತ್ತು.
ಸೊಂಟದ ಕೆಳಗೆ ನಾನೇ ಇರ್ನಿಲ್ಲ.
ಹೊಟ್ಟೆ ಕುಯ್ದ್ರೂ ನೋವಿರ್ನಿಲ್ಲ.
ನಂಗೆ ಡಾಕ್ಟ್ರು ಚುಚ್ಚಿದ್ರು.
ನಿಂಗ್ಯಾರು ಚುಚ್ಚಿದ್ರು?'

ಪಕ್ಕದ ಜಗಲಿಯಿಂದ ಚಿಕ್ಕತಾಯಕ್ಕ,
'ನೋವು ಕಮ್ಮಿಯಾದ್ಮೇಲೆ ಇಷ್ಟೊತ್ನಲ್ಲಿ ಆಸ್ಪತ್ರೆ ಯಾಕವ್ವಾ?'
ಇವಳು ಸೆರಗು ಸಿಕ್ಕಿಸುತ್ತಾ,
'ನಾಯಿ ಬೊಗಳಾದು ನಿಲ್ಸಿದ್ರೆ
ಕಳ್ಳ ಹೋದ ಅಂತಲ್ಲ ಕಣಕ್ಕ.'

ಹತ್ತೂವರೆಗೆ ಅಕ್ಮಲನ ಆಟೋ.
ದೊಡ್ಡಾಸ್ಪತ್ರೆಯ ಚಿಕ್ಕ ಡಾಕ್ಟರು,
ನನ್ನ ಮಗಳಿಗಿಂತ ನಾಕು ವರ್ಷಕ್ಕೆ ದೊಡ್ಡವಳು,
ನಾನು ನಾಚಿ ಮುಚ್ಚಿಟ್ಟದ್ದನ್ನೇ ಮೊದಲು ಕೇಳಿದಳು:
ಉಚ್ಚೆ ಆಯ್ತಾ? ಕೂರೋ ಜಾಗ ತಿಳೀತಿದೆಯಾ?
ಹೆಂಡತಿ ಕೇಳಿದ ಮಾತೇ.
ನಳಿಗೆ ಹಾಕಿದರು. ಚೀಲ ತುಂಬಿತು. ಇನ್ನೊಂದು ತಂದರು.
ಮರಗಟ್ಟಿದ್ದು ಯಾವಾಗಿನಿಂದ ಅಂತ
ಬೆರಳು ಮಡಚಿ ಗಂಟೆ ಎಣಿಸಿದಳು, ದಿನ ಅಲ್ಲ.
'ನರ ಬೆಳಿಗ್ಗೆವರೆಗೂ ಕಾಯಲ್ಲ' ಅಂದಳು.

ಈಗ ಮೈಸೂರು ಕಡೆಗೆ ಆಂಬುಲೆನ್ಸ್.
ಶ್ರೀರಂಗಪಟ್ಟಣದ ಸೇತುವೆ ಬಂದದ್ದು
ಚಕ್ರದ ಸದ್ದು ಬದಲಾಗಿ ತಿಳಿಯಿತು.
ಅವಳ ಮಡಿಲಲ್ಲಿ ಆ ಒಂಟಿ ಚಪ್ಪಲಿ,
ಯಾಕೆ ತಂದಳೋ.
ನನ್ನ ಎಡಗಾಲ ಹೆಬ್ಬೆಟ್ಟು ಹಿಂಡಿ
'ಗೊತ್ತಾಯ್ತಾ?' ಅಂದಳು.
ಆ ಮುಖ ನೋಡಿ ಹೂಂ ಅನ್ನಬೇಕು ಅನ್ನಿಸಿತು.
ಹದಿನೇಳು ವರ್ಷ ಯಾರು ಕೇಳಿದರೂ
'ಏನಿಲ್ಲ' ಅಂದವನು
'ಇಲ್ಲ' ಅಂದೆ.

ಅವಳು ಮತ್ತೆ ಹಿಂಡಿದಳು.