ಬೊಟ್ಟಿನಷ್ಟು ಅಯಸ್ಕಾಂತ

ಪೀಣ್ಯ ಎರಡನೇ ಹಂತ. ಕೆಳಗೆ ಲೇತು, ಮೇಲೆ ನಾವು.
ಲೇತು ತಿರುಗಿದಾಗೆಲ್ಲ ನನ್ನ ಟೀ ಲೋಟದೊಳಗೆ
ಉಂಗುರ, ಉಂಗುರ.

ಕೆಲಸ ಇಷ್ಟೇ: ಆಟೋದ ಮೋಟರು ತಿರುಗುತ್ತಿರುವಾಗ
ಈ ಕ್ಷಣ ಎಲ್ಲಿದ್ದೀಯ ಎಂದು ಕೇಳಬೇಕು,
ಅದು ಹೇಳಿದ್ದು ಸರಿಯಾಗಿ ಕೇಳಿಸಬೇಕು.
ಸೆಕೆಂಡಿಗೆ ಹತ್ತು ಸಾವಿರ ಸಲ.
ಲೊಕೇಶನ್ ಎಲ್ಲಿ ಮೇಡಂ ಅನ್ನುವ ಕ್ಯಾಬಿನವರೂ
ಅಷ್ಟು ಸಲ ಕೇಳಲಾರರು.

ಶಾಫ್ಟಿನ ತುದಿಗೆ ಬೊಟ್ಟಿನಷ್ಟು ಅಯಸ್ಕಾಂತ.
ಅದರೆದುರು, ಒಂದೂವರೆ ಮಿಲಿಮೀಟರು ಗಾಳಿ ಬಿಟ್ಟು,
ತೊಗರಿಬೇಳೆಯಷ್ಟು ಚಿಪ್.
ಕೋನವನ್ನು ಅದು ನೇರ ಹೇಳುವುದಿಲ್ಲ.
ಸೈನು ಇಷ್ಟು, ಕೊಸೈನು ಇಷ್ಟು ಅನ್ನುತ್ತದೆ,
ಮನೆ ಎಲ್ಲಿ ಅಂದರೆ
ಮೂಡಲಿಗೆ ನಾಲ್ಕು ಹೆಜ್ಜೆ, ಬಡಗಲಿಗೆ ಮೂರು ಅಂದಂತೆ.
ಮಿಕ್ಕಿದ್ದು ನನ್ನ ಪಾಡು.

ಮೇಜಿನ ಮೇಲೆ ಎಲ್ಲ ಸುಗಮವಿತ್ತು.
ಸ್ಕೋಪಿನ ಪರದೆಯಲ್ಲಿ ಎರಡು ಅಲೆ:
ಒಂದು ನೆತ್ತಿಯಲ್ಲಿದ್ದಾಗ ಇನ್ನೊಂದು ಸೊನ್ನೆ ದಾಟುತ್ತಿರುತ್ತದೆ.
ಊಟದ ಹೊತ್ತು ಮೀರಿದರೂ ನೋಡುತ್ತಿದ್ದೆ.

ಆಮೇಲೆ ಮುನಿವೆಂಕಟಪ್ಪನವರ ಆಟೋಗೆ ಕಟ್ಟಿದೆವು.
ಸುಮನಹಳ್ಳಿ ಮೇಲ್ಸೇತುವೆ ಹತ್ತುವಾಗ
'ಮೇಡಂ, ಇದು ಬಿಕ್ಕಳಿಸ್ತೈತೆ' ಅಂದರು.
ಸಮತಟ್ಟಲ್ಲಿ ಇಲ್ಲ, ಇಳಿಯುವಾಗ ಇಲ್ಲ.
ಏರುವಾಗ ಮಾತ್ರ, ಅದೂ ಹಿಂದೆ ಮೂವರು ಕೂತಿದ್ದರೆ.

ಭಾರ ಹೆಚ್ಚಿದರೆ ಕರೆಂಟು, ಕರೆಂಟಿನ ಹಿಂದೆಯೇ ಗದ್ದಲ.
ಇನ್ನೂರು ಆಂಪು ಹರಿಯುವ ದಪ್ಪ ಕೇಬಲ್ಲಿನ ಮಗ್ಗುಲಲ್ಲಿ
ನನ್ನ ಕೂದಲೆಳೆ ತಂತಿ ಮಲಗಿತ್ತು.
ಮಲಗಿಸಿದ್ದು ನಾನೇ, ಜಾಗ ಉಳಿಯುತ್ತದೆಂದು.
ಯಶವಂತಪುರದ ಈರುಳ್ಳಿ ಹರಾಜಿನ ನಡುವೆ ನಿಂತು
ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ.

ಒಂಬತ್ತು ದಿನ.
ಕೆಪಾಸಿಟರು ದೊಡ್ಡದು ಹಾಕಿದೆ. ಗದ್ದಲ ಇಳಿಯಿತು,
ಉತ್ತರವೂ ತಡವಾಯಿತು. ವೇಗ ಹಿಡಿದಾಗ ಮೋಟರು
ಇದ್ದ ಜಾಗವನ್ನೇ ಇರುವ ಜಾಗ ಅನ್ನತೊಡಗಿತು.
ಶೀಲ್ಡಿನ ಎರಡೂ ತುದಿ ನೆಲಕ್ಕೆ ಕಟ್ಟಿದೆ.
ಇನ್ನೂ ಕೆಟ್ಟಿತು.

ಕೊನೆಗೆ ಬೋರ್ಡನ್ನೇ ಹೊಸದಾಗಿ ಬರೆದೆ.
ಒಂದು ಮಾತಿಗೆ ಎರಡು ತಂತಿ:
ಒಂದರಲ್ಲಿ ಮಾತು, ಇನ್ನೊಂದರಲ್ಲಿ ಅದೇ ಮಾತು ತಲೆಕೆಳಗು.
ಗದ್ದಲಕ್ಕೆ ಪಕ್ಷಪಾತ ತಿಳಿಯದು, ಎರಡಕ್ಕೂ ಸಮ ಬಡಿಯುತ್ತದೆ.
ಈ ತುದಿಯಲ್ಲಿ ಒಂದರಿಂದ ಒಂದನ್ನು ಕಳೆ,
ಗದ್ದಲ ಸೊನ್ನೆ. ಮಾತು ಎರಡರಷ್ಟು.

ಇದು ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ, ಗೊತ್ತು.
ಹನ್ನೊಂದು ರೂಪಾಯಿ ಉಳಿಸಲು ಬಿಟ್ಟಿದ್ದೆ.

ತಂತಿ ಹೊಸೆದದ್ದು ವೈಂಡಿಂಗಿನ ಸಾಕಮ್ಮ.
ಯಂತ್ರ ಬೇಡ ಅಂದಳು. ಮೊಣಕಾಲ ಮೇಲೆ ಸೆರಗು ಹಾಸಿ
ಬತ್ತಿ ಹೊಸೆವಂತೆ ಅಂಗೈ ಉಜ್ಜುತ್ತ
'ಅಂಗುಲಕ್ಕೆ ಎಷ್ಟು ಸುತ್ತು?'
ಎರಡು ಅಂದೆ. ಮೂರು ಹಾಕಿದಳು.
ಶೀಲ್ಡಿನ ಒಂದೇ ತುದಿ ನೆಲಕ್ಕೆ,
ಇನ್ನೊಂದನ್ನು ಸುಮ್ಮನೆ ಬಿಟ್ಟೆವು.

ಸಂಜೆ ಅದೇ ಸೇತುವೆ. ಹಿಂದೆ ನಾನು, ಸಾಕಮ್ಮ,
ಲೇತಿನ ಇಮ್ತಿಯಾಜ್, ಅವನ ಟಿಫನ್ ಡಬ್ಬಿ.
ಏರು ಶುರುವಾಯಿತು. ಯಾರೂ ಮಾತಾಡಲಿಲ್ಲ.
ಮೋಟರು ಮುನ್ನೂರ ಐವತ್ತೊಂಬತ್ತರಿಂದ ಸೊನ್ನೆಗೆ,
ಮತ್ತೆ ಸೊನ್ನೆಗೆ, ಮತ್ತೆ ಸೊನ್ನೆಗೆ
ಹೊಸಲು ಎಡವದೆ ದಾಟುತ್ತಿತ್ತು.

ನೆತ್ತಿ ಮುಟ್ಟುವಾಗ ಧಡ್ ಎಂದಿತು.
ನನ್ನೆದೆ ನಿಂತಿತು.
ಮುನಿವೆಂಕಟಪ್ಪ ತಿರುಗದೆಯೇ ಅಂದರು:
'ಅದು ರೋಡಿಂದು ಮೇಡಂ, ನಿಮ್ಮದಲ್ಲ.'

ರಿವರ್ಸಿನಲ್ಲಿ ಇನ್ನೂ ಒಂದು ಡಿಗ್ರಿ ಸುಳ್ಳು ಹೇಳುತ್ತದೆ.
ಸೋಮವಾರ ನೋಡಬೇಕು.