ಸಾಲದ ಪುಸ್ತಕ

ಗ್ವಾಲ್ತೆರ್ ಬಂದರೆ ಬಾಗಿಲಲ್ಲಿ ಮೊದಲು ಭುಜ,
ಆಮೇಲೆ ಚೌಕಟ್ಟು ಹಿಡಿದ ಕೈ, ಕೊನೆಗೆ
ಒಂದರ ಮಾತು ಒಂದು ಕೇಳದ ಎರಡು ಕಾಲು.
'ಸಾಕು, ಮನೆಗೆ ನಡಿ' ಅನ್ನುತ್ತಿದ್ದೆ.
'ಅಮ್ಮನಾಣೆ, ಒಂದು ಹನಿ ಮುಟ್ಟಿಲ್ಲ' ಅನ್ನುತ್ತಿದ್ದ.
ನಾಲಿಗೆ ದಪ್ಪಗಾಗಿ, ಅಮ್ಮನೂ ಹನಿಯೂ ಒಂದೇ ಸದ್ದಾಗಿ.
ಮೇಜಿನವರು ನಗುತ್ತಿದ್ದರು. ನಾನೂ.

ಇದು ಫ್ಲೋರೆಸ್, ಹೂವೆಂದೇ ಹೆಸರಿರುವ ದ್ವೀಪ.
ಪಡುವಣಕ್ಕೆ ಇನ್ನು ನೆಲವಿಲ್ಲ, ಅಮೆರಿಕದವರೆಗೂ ನೀರು.
ಈ ಗುಡ್ಡದ ತುದಿಯಲ್ಲಿ ಕಾವಲು ಕೂರುತ್ತಿದ್ದ ಅವನು;
ತಿಮಿಂಗಿಲದ ಉಸಿರು ಕಂಡರೆ ಬಾಣ ಹಾರಿಸಿ
ದೋಣಿಗಳನ್ನು ಎಬ್ಬಿಸುತ್ತಿದ್ದ.
ಹತ್ತು ಮೈಲಿಯಾಚೆಯ ಉಸಿರು ಕಾಣುವ ಕಣ್ಣಿಗೆ
ಮೂವತ್ತೆಂಟಕ್ಕೇ
ಒಂದು ಲೋಟ ಎರಡಾಗಿ ಕಂಡಿತು.

ಲಿಸ್ಬನ್ನಿನಿಂದ ಬಂದ ಡಾಕ್ಟರಮ್ಮ, ಬೆನೆದಿತಾ,
ರಕ್ತದ ಕೊಳವೆಗಳನ್ನು ಮಂಜುಗಡ್ಡೆಯಲ್ಲಿ ಮಲಗಿಸಿ
ಹಡಗು ತಡವೆಂದು ನನ್ನಲ್ಲಿ ಕೂತಿದ್ದಳು.
ಕೇಳಿದೆ: ಏನದು, ಅವನೊಳಗೆ?
ಗೋಡೆ ಬದಿಯ ಹಳೆಯ ತೊಟ್ಟಿ ನೋಡಿದಳು, ಅಜ್ಜನದು.
'ಇದರಲ್ಲಿ ಈಟಿಯ ಹಗ್ಗ ಹೇಗೆ ಇಡುತ್ತಿದ್ದರು?'
ಸುತ್ತಿನ ಮೇಲೆ ಸುತ್ತು, ಎಣಿಸಿ.
ಹೆಚ್ಚಾದರೆ ಸಿಕ್ಕು; ತಿಮಿಂಗಿಲ ಓಡುವಾಗ ಆ ಸಿಕ್ಕು
ಯಾರದೋ ಕಾಲು ಹಿಡಿದು ನೀರಿಗಿಳಿಯುತ್ತದೆ.
'ಹಾಗೇ' ಅಂದಳು.
'ಮೈಯೊಳಗಿನ ಹಗ್ಗಕ್ಕೆ ಪ್ರೋಟೀನು ಅಂತ ಹೆಸರು.
ಅದರ ಒಂದು ಕಡೆ ಗ್ಲುಟಮಿನ್, ಗ್ಲುಟಮಿನ್, ಗ್ಲುಟಮಿನ್,
ಅದೇ ಮಣಿ, ಅದೇ ಮಣಿ.
ನಿನ್ನಲ್ಲಿ ಇಪ್ಪತ್ತಮೂರು ಇದ್ದೀತು, ನನ್ನಲ್ಲಿ ಇಪ್ಪತ್ತೇಳು.
ಅವನಲ್ಲಿ ಎಪ್ಪತ್ತೊಂದು.'

ಅಷ್ಟೇನಾ?
ಅಷ್ಟೇ.

ವಿಷವಲ್ಲ, ಹುಳುವಲ್ಲ. ಪಾಪವಲ್ಲ, ಪಾದ್ರಿಗಳು ಕೇಳಲಿ.
ತಪ್ಪು ಮಾತೂ ಅಲ್ಲ;
ಸರಿಯಾದ ಮಾತನ್ನೇ ನಿಲ್ಲಿಸಲು ಮರೆತದ್ದು.
ಮಡಚಿಕೊಳ್ಳಬೇಕಾದ್ದು ಮಡಚಿಕೊಳ್ಳದೆ
ತನಗೆ ತಾನೇ ಅಂಟಿ, ಮುದ್ದೆಗಟ್ಟಿ
ನರದ ಕೋಣೆಯಲ್ಲಿ ಕೂತುಬಿಡುತ್ತದಂತೆ,
ದೀಪ ಆರಿಸಿದರೂ ಏಳದ ಗಿರಾಕಿ.
'ತಂದೆಯಿಂದ ಮಗುವಿಗೆ ದಾಟುವಾಗ
ಕೆಲವೊಮ್ಮೆ ಇನ್ನಷ್ಟು ಬೆಳೆಯುತ್ತದೆ.
ಉದ್ದವಾದಷ್ಟೂ ಬೇಗ.'
ಹಡಗು ಕೂಗಿತು. ಕಾಫಿಯ ದುಡ್ಡಿಟ್ಟು ಹೋದಳು.

ಆ ರಾತ್ರಿ ಸಾಲದ ಪುಸ್ತಕ ತೆಗೆದೆ, ಅಪ್ಪನದು, ಅಜ್ಜನದು.
ಗ್ವಾಲ್ತೆರನ ಅಜ್ಜ, ವಯಸ್ಸು ಕೂಡಿ ನೋಡಿದರೆ ಐವತ್ತೆರಡು:
'ಕುಡಿದು ಬಂದಿದ್ದ. ಕೊಡಲಿಲ್ಲ.'
ಅವನ ಅಪ್ಪ, ನಲವತ್ತಾರು:
'ಕುಡಿದು ಬಂದಿದ್ದ. ಕೊಡಲಿಲ್ಲ.'
ಮುಂದೆ ನನ್ನ ಅಕ್ಷರ, ನನ್ನ ಮಸಿ:
ಕುಡಿದು ಬಂದಿದ್ದ, ಕುಡಿದು ಬಂದಿದ್ದ, ಕುಡಿದು ಬಂದಿದ್ದ,
ಪುಟ ತಿರುವಿದರೂ ಅದೇ.
ಬಲಗಡೆ, ಹಣದ ಅಂಕಣ ಬರಿದು.

ಊರಿಗೆ ಇದೊಂದೇ ಅಂಗಡಿ.
ಪೀಕೊ ದ್ವೀಪದ ಪೀಪಾಯಿ ಇಳಿಯುವುದು ಇಲ್ಲೇ.
ಎಲ್ಲಿ ಕುಡಿದು ಬಂದ ಎಂದು
ಮೂರು ತಲೆಮಾರು ನಾವು ಕೇಳಲಿಲ್ಲ.

ಒಳ್ಳೆಯದೊಂದು ಸೀಸೆ ಹಿಡಿದು ಅವನ ಮನೆಗೆ ಹೋದೆ.
ಕುರ್ಚಿಯಲ್ಲಿ ಪಟ್ಟಿ ಕಟ್ಟಿ ಕೂರಿಸಿದ್ದರು.
ಈಗ ನುಂಗಲಾಗದು; ನೀರಿಗೂ ಹಿಟ್ಟು ಕಲಸಿ
ಗಟ್ಟಿ ಮಾಡಿ ಚಮಚದಲ್ಲಿ ಕೊಡುತ್ತಾರೆ.
ಸೀಸೆ ನೋಡಿದ. ನನ್ನನ್ನು ನೋಡಿದ.
ಗಂಟಲಲ್ಲಿ ಏನೋ ಆಯಿತು,
ನಗು ಅಂದಳು ಹೆಂಡತಿ.

ನಿನ್ನೆ ಸಂಜೆ ಎರ್ಮೆಲಿಂದ ಬಂದಳು, ಅವನ ಮಗಳು,
ಇಪ್ಪತ್ತಾರು. ಜೇಬಿನಲ್ಲಿ ಲಕೋಟೆ, ಒಡೆದಿಲ್ಲ.
ಬಾಗಿಲಿಂದ ಗಲ್ಲಾಪೆಟ್ಟಿಗೆಗೆ ಒಂಬತ್ತು ಹೆಜ್ಜೆ.
'ಕಾಲು ನೋಡಬೇಡ' ಅಂದಳು. 'ಲೋಟ ನೋಡು.'
ತುಂಬಿಸಿದೆ. ಅಂಚಿನವರೆಗೆ, ಚೆಲ್ಲುವಷ್ಟು.
ಒಂದೇ ಕೈಯಲ್ಲಿ ಎತ್ತಿದಳು, ನಿಧಾನಕ್ಕೆ,
ಇಬ್ಬರೂ ಉಸಿರು ಹಿಡಿದೆವು.

'ಸಾಲಕ್ಕೆ ಬರೆದುಕೋ' ಅಂದಳು.
'ಯಾವಾಗ ತೀರಿಸುತ್ತೀ?' ಅಭ್ಯಾಸಬಲ, ಬಾಯಿಗೆ ಬಂದೇಬಿಟ್ಟಿತು.