ಕೊನೆಯ ಸೀಟಿನವರೆಗೆ

ಬೆಳಗಿನ ನಾಲ್ಕೂವರೆ. ಸೇಂಟ್ ಜಾನ್ ನದಿಯ ಮೇಲೆ
ಮಂಜು ಇನ್ನೂ ಎದ್ದಿಲ್ಲ. ಆಚೆ ದಡ ಕೆನಡಾ,
ಅಲ್ಲೂ ಯಾರದೋ ಅಡುಗೆಮನೆಯಲ್ಲಿ ದೀಪ.
ನನ್ನ ಮೇಜಿನ ಮೇಲೆ ಬ್ರೆಡ್ಡಿನ ಡಬ್ಬವೇ ಬಸ್ಸು,
ಎರಡು ಚಮಚ ಅದರ ಕನ್ನಡಿಗಳು,
ಹಳೇ ಕೋಟಿನ ಕೆಂಪು ಗುಂಡಿ, ಪಕ್ಕಕ್ಕೆ ಚಾಚುವ ಸ್ಟಾಪ್ ಬೋರ್ಡು.

ರೆಮಿ, ಮಗಳ ಮಗ, ಎರಡನೇ ಕ್ಲಾಸು,
ಹಲ್ಲುಜ್ಜದ ಬಾಯಲ್ಲೇ ಪುಸ್ತಕ ಹಿಡಿದು ಕೇಳುತ್ತಾನೆ:
ಮೆಮೇರ್, ಎಂಜಿನ್ ಆರಿಸಿ ಬ್ರೇಕ್ ತುಳಿದು ಹಿಡಿದರೆ
ನಿಮಿಷಕ್ಕೆ ಎಷ್ಟು ಗಾಳಿ ಸೋರಬಹುದು?
ಮೂರು ಪೌಂಡು. ನಾಲ್ಕಾದರೆ ಬಸ್ಸು ಹೊರಡಕೂಡದು.
ರೈಲು ಹಳಿ ಬಂದರೆ?
ನಿಲ್ಲು. ಬಾಗಿಲು ತೆರೆ, ಕಿಟಕಿ ತೆರೆ, ರೇಡಿಯೋ ಆರಿಸು, ಕಿವಿಗೊಡು.
(ನಮ್ಮೂರಿನ ಹಳಿ ಕಿತ್ತು ಹೋಗಿ ಹತ್ತು ವರ್ಷವಾಯಿತು.
ಪರೀಕ್ಷೆಯಲ್ಲಿ ಇನ್ನೂ ರೈಲು ಬರುತ್ತದೆ.)
ಪೆನ್ಸಿಲಿನಲ್ಲಿ ಮಾರ್ಕು ಹಾಕುತ್ತಾನೆ,
ಯಾವ ಟೀಚರಿಗೂ ಕಡಿಮೆಯಿಲ್ಲದ ಬಿಗಿ, ಅರ್ಧ ಮಾರ್ಕು ಕೊಡುವವನಲ್ಲ.

ಹತ್ತೊಂಬತ್ತು ವರ್ಷ ಆಲೂಗಡ್ಡೆ ಶೆಡ್ಡಿನಲ್ಲಿ
ಓಡುವ ಬೆಲ್ಟಿನಿಂದ ಕೊಳೆತದ್ದು, ಕೊಯ್ದುಹೋದದ್ದು, ಹಸಿರುಗಟ್ಟಿದ್ದು
ಕಣ್ಣು ಮಿಟುಕಿಸದೆ ಆರಿಸಿದವಳು ನಾನು.
ನೋಡಲು ಬರುತ್ತದೆ. ಹೇಳಲು ಬರುವುದಿಲ್ಲ.
ಪರೀಕ್ಷೆ ಇರುವುದೇ ಹೇಳುವುದಕ್ಕೆ.

"ಬರೀ ನೋಡಿದರೆ ಸಾಲದು ಯೋಲಾಂಡ್," ಅನ್ನುತ್ತಾನೆ ಗಿಲ್ಮೋ,
ಮೂವತ್ತು ಚಳಿಗಾಲ ಓಡಿಸಿ, ಮಕ್ಕಳ ಗಲಾಟೆಗೆ ಬಲಗಿವಿ ಕೊಟ್ಟವನು,
"ಮುಟ್ಟು, ಹೆಸರು ಹೇಳು. ಬಾಯಿ ಬಿಡದಿದ್ದರೆ
ನೋಡಿಯೇ ಇಲ್ಲ ಅಂತ ಬರಕೊಳ್ಳುತ್ತಾಳೆ ಆ ಹ್ಯಾಸ್ಕೆಲ್."
ಹಾಗಾಗಿ ದಿನಾ ಸಂಜೆ ಹದಿನೇಳನೇ ನಂಬರಿನ ಸುತ್ತ,
ಈಸ್ಟರಿಗೆ ಮುಂಚೆ ಚರ್ಚಿನ ಗೋಡೆಯುದ್ದಕ್ಕೂ
ಶಿಲುಬೆಯ ಹಾದಿ ನಡೆದಂತೆ, ನಿಂತು ನಿಂತು:
ಸ್ಪ್ರಿಂಗು, ಬಿರುಕಿಲ್ಲ, ಬಾಗಿಲ್ಲ, ಮುರಿದಿಲ್ಲ.
ಹೋಸು, ಸವೆದಿಲ್ಲ, ಸೀಳಿಲ್ಲ, ಸೋರುತ್ತಿಲ್ಲ.
ನನ್ನ ಮೊಣಕಾಲು, ಸವೆದಿದೆ, ಸದ್ದು ಮಾಡುತ್ತದೆ,
ಸದ್ಯಕ್ಕೆ ಬಿಗಿಯಾಗಿಯೇ ಕೂತಿದೆ.

ನಮ್ಮ ಮನೆಯ ಫ್ರೆಂಚಿನಲ್ಲಿ ಚಕ್ರಕ್ಕೆ ಹೆಸರಿದೆ,
ಜಾರುವ ರಸ್ತೆಗಂತೂ ಬೈಗುಳ ಸೇರಿ ಮೂರು.
ಸ್ಲ್ಯಾಕ್ ಅಡ್ಜಸ್ಟರಿಗೆ ಒಂದೂ ಇಲ್ಲ.

ನನಗೆ ಆರು ವರ್ಷ. ಶಾಲೆಯಲ್ಲಿ ನಮ್ಮ ಮಾತಾಡಿದರೆ
ಮಧ್ಯಾಹ್ನದ ಆಟ ಇಲ್ಲ, ಗೋಡೆಗೆ ಮುಖ.
ಬಸ್ಸಿನಲ್ಲಿ ನನ್ನ ನಿಲುಗಡೆ ಬಂತು, ಹೋಯಿತು.
"ಇಲ್ಲಿ ಇಳೀತೀನಿ" ಅನ್ನುವುದಕ್ಕೆ ಇಂಗ್ಲಿಷಿನಲ್ಲಿ
ಏನನ್ನಬೇಕೋ ಗೊತ್ತಿರಲಿಲ್ಲ.
ಕೊನೆಯ ಸೀಟಿನಲ್ಲಿ ನಿದ್ದೆ ಹೋದೆ.
ಎದ್ದಾಗ ಗ್ಯಾರೇಜಿನ ಕತ್ತಲು, ಡೀಸೆಲ್ ವಾಸನೆ,
ಕಿಟಕಿಯ ಒಳಗಡೆ ನನ್ನ ಉಸಿರೇ ಹಿಮವಾಗಿ ಹತ್ತಿತ್ತು.
ರಾತ್ರಿ ಎಂಟಕ್ಕೆ ಅಪ್ಪ ಬಂದ, ಟಾರ್ಚು ಹಿಡಿದು.
ಅವನೂ ಏನೂ ಹೇಳಲಿಲ್ಲ. ಕೈಗವಸು ಬಿಚ್ಚಿ ಕೊಟ್ಟ, ಅಷ್ಟೆ.

ರೆಮಿ ಹಾಳೆ ತಿರುಗಿಸುತ್ತಾನೆ. ಕಾಫಿ ಆರಿದೆ.
ನಾಳೆ ಎಂಟಕ್ಕೆ ಕ್ಯಾರಿಬೂವಿನಲ್ಲಿ ಪರೀಕ್ಷೆ.
"ಕೊನೇ ಪ್ರಶ್ನೆ. ಎಲ್ಲರೂ ಇಳಿದ ಮೇಲೆ ಏನು ಮಾಡಬೇಕು?"
ಎಂಜಿನ್ ಆರಿಸಿ, ಕೀಲಿ ತೆಗೆದು, ಹಿಂದಿನ ತನಕ ನಡೆಯಬೇಕು.
ಪ್ರತಿ ಸೀಟು, ಪ್ರತಿ ಸೀಟಿನ ಕೆಳಗೆ ಬಗ್ಗಿ.
ಯಾರಾದರೂ ಇದ್ದೀರಾ ಅಂತ ಕೂಗಬೇಕು, ಎರಡೂ ಭಾಷೆಯಲ್ಲಿ.

"ಕೂಗೋದು ಪುಸ್ತಕದಲ್ಲಿಲ್ಲ ಮೆಮೇರ್."
ಬರಕೋ, ಅಂದೆ.
ಇಂಗ್ಲಿಷಿನದು ಬರೆದ. ಆಮೇಲೆ ಪೆನ್ಸಿಲು ಗಾಳಿಯಲ್ಲೇ ನಿಂತಿತು.
"ನಮ್ಮದನ್ನ ಹೇಗೆ ಬರೆಯೋದು?"

ನನಗೂ ಬರೆಯಲು ಬರುವುದಿಲ್ಲ.
ಹೇಳಿ ತೋರಿಸಿದೆ.